ಕೆಲಸದ ಬಾಗಿಲಿಗೆ ‘ನಾಳೆ ಬಾ’

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ, ಬೆಂಗಳೂರಿನ ಬೀದಿಗಳಲ್ಲೂ, ಮನೆ ಬಾಗಿಲ ಮೇಲೆ ಎರಡು ಪದ ಬರೆದಿರುತ್ತಿದ್ದರು: ‘ನಾಳೆ ಬಾ’. ರಾತ್ರಿ ಹೊತ್ತು ದೆವ್ವವೊಂದು ಮನೆಯವರ ದನಿಯಲ್ಲೇ ಕೂಗಿ ಬಾಗಿಲು ತಟ್ಟುತ್ತದೆ, ತೆಗೆದವರ ಕತೆ ಮುಗಿಯಿತು ಅನ್ನುವ ಪುಕಾರು. ಬಾಗಿಲ ಮೇಲಿನ ಬರಹ ಓದಿ ದೆವ್ವ ‘ಸರಿ, ನಾಳೆ ಬರೋಣ’ ಅಂತ ವಾಪಸ್ ಹೋಗುತ್ತದಂತೆ. ಮಾರನೇ ದಿನ ಬಂದರೆ ಮತ್ತದೇ ಬರಹ. ಪಾಪ, ಓದು ಬರುತ್ತಿತ್ತು, ದಿನ ಎಣಿಸಲು ಬರುತ್ತಿರಲಿಲ್ಲ.

ಆ ಬರಹ ಈಗ ಬಾಗಿಲುಗಳ ಮೇಲೆ ಅಷ್ಟಾಗಿ ಕಾಣುವುದಿಲ್ಲ. ನನ್ನ ಮೇಜಿನ ಕೆಳಗಿನ ಬಿಸ್ಕತ್ತಿನ ಡಬ್ಬದ ಮೇಲೆ ಮಾತ್ರ ವರ್ಷಗಟ್ಟಲೆ ಇತ್ತು, ಕಣ್ಣಿಗೆ ಕಾಣದ ಹಾಗೆ. ಡಬ್ಬದಲ್ಲಿ ಇರುವುದು ನಮ್ಮ ಭಾವನ ಹಾರ್ಡ್‌ವೇರ್ ಅಂಗಡಿಯ ಪರ್ಚೇಸ್ ಬಿಲ್‌ಗಳು. ಆಫೀಸು ಮುಗಿಸಿ ಬಂದು ಅವನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ ಮಾಡುವುದು ನಾನು ಒಪ್ಪಿಕೊಂಡ ಕೆಲಸ. ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿ 3ಬಿ ರಿಟರ್ನ್, ಅಂದರೆ ಹಿಂದಿನ ತಿಂಗಳ ತೆರಿಗೆ ಲೆಕ್ಕ, ಹೋಗಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ಬಡ್ಡಿ ಬೇರೆ. ಇದೆಲ್ಲ ನನಗೆ ಗೊತ್ತು. ಆದರೂ 19ರ ರಾತ್ರಿ ಹನ್ನೊಂದು ಗಂಟೆಗೇ ಡಬ್ಬ ತೆಗೆಯುತ್ತಿದ್ದೆ. ಅರ್ಧ ಅಳಿಸಿಹೋದ ಥರ್ಮಲ್ ಬಿಲ್‌ಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ಓದುತ್ತಾ, ಮುಂದಿನ ತಿಂಗಳಿಂದ ದಿನಾ ಒಂದಷ್ಟು ಮಾಡಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಇದನ್ನು ಎಷ್ಟು ತಿಂಗಳು ಅಂದುಕೊಂಡಿದ್ದೇನೆ ಎಂದು ಹೇಳಲು ನಾಚಿಕೆ.

ಇದಕ್ಕೆ ನಾವು ಕೊಡುವ ಹೆಸರು ಸೋಮಾರಿತನ. ಆದರೆ ಸೋಮಾರಿ ಅಂದರೆ ಏನೂ ಮಾಡದೆ ಹಾಯಾಗಿ ಬಿದ್ದುಕೊಂಡಿರುವವನು ಅಲ್ವಾ? ಕೆಲಸ ಮುಂದಕ್ಕೆ ಹಾಕುವವನಿಗೆ ಆ ಹಾಯಿ ಇಲ್ಲ. ಡಬ್ಬ ತೆಗೆಯದ ಸಂಜೆಗಳಲ್ಲಿ ನಾನು ಪುಸ್ತಕದ ಶೆಲ್ಫ್ ಒರೆಸಿದ್ದೇನೆ, ಬೈಕ್ ತೊಳೆದಿದ್ದೇನೆ, ಕೆಟ್ಟುಹೋದ ಮಿಕ್ಸಿ ಜಾರಿನ ವಾಷರ್ ಬದಲಿಸಿದ್ದೇನೆ. ಮೈ ಬಗ್ಗಿಸಿ ದುಡಿದಿದ್ದೇನೆ. ಆ ಡಬ್ಬ ಒಂದನ್ನು ಬಿಟ್ಟು.

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಟಿಮೊಥಿ ಪಿಚಿಲ್ ಮತ್ತು ಅವರ ಜೊತೆ ಕೆಲಸ ಮಾಡಿದ ಫ್ಯೂಶಾ ಸಿರೋಯ್ 2013ರಲ್ಲಿ ಒಂದು ಮಾತು ಮುಂದಿಟ್ಟರು. ಕೆಲಸ ಮುಂದೂಡುವುದು ಸಮಯ ಹೊಂದಿಸಲಾಗದ ಕಾಯಿಲೆ ಅಲ್ಲ, ಮನಸ್ಸಿನ ಕಿರಿಕಿರಿಯಿಂದ ತಪ್ಪಿಸಿಕೊಳ್ಳುವ ಉಪಾಯ. ಕೆಲವು ಕೆಲಸ ನೆನೆದ ತಕ್ಷಣ ಒಳಗೆ ಏನೋ ಮುದುಡುತ್ತದೆ. ಬೇಜಾರು, ತಪ್ಪಾದೀತೆಂಬ ಭಯ, ಎಲ್ಲಿಂದ ಶುರು ಮಾಡಬೇಕೋ ಎಂಬ ಗೊಂದಲ. ‘ಆಮೇಲೆ ಮಾಡಿದರಾಯಿತು’ ಅಂದ ಕೂಡಲೇ ಆ ಮುದುಡಿದ್ದು ಸಡಿಲವಾಗುತ್ತದೆ. ಆ ಕ್ಷಣದ ನೆಮ್ಮದಿಯೇ ಬಹುಮಾನ. ಬಹುಮಾನ ಸಿಕ್ಕಿದ್ದನ್ನು ಮಿದುಳು ಮರೆಯುವುದಿಲ್ಲ. ನಾಳೆ ಅದೇ ಡಬ್ಬ ಕಂಡರೆ ಅದೇ ಉಪಾಯ ಮಾಡುತ್ತದೆ, ಇನ್ನೂ ಸಲೀಸಾಗಿ.

ಹಾಗಾದರೆ 19ರ ರಾತ್ರಿ ಎಲ್ಲಿಂದ ಬರುತ್ತದೆ ಆ ಉತ್ಸಾಹ? ಇದನ್ನು ಅದೇ ದೇಶದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪಿಯರ್ಸ್ ಸ್ಟೀಲ್ ಒಂದು ಭಾಗಾಕಾರದ ಹಾಗೆ ಬಿಡಿಸಿದ್ದಾರೆ. ಮೇಲೆ ಎರಡು ಸಂಗತಿ: ಈ ಕೆಲಸ ನನ್ನಿಂದಾಗುತ್ತದೆ ಎಂಬ ನಂಬಿಕೆ, ಮಾಡಿದರೆ ಸಿಗುವ ಫಲ. ಕೆಳಗೆ ಎರಡು: ನನ್ನ ಚಂಚಲತೆ, ಆ ಫಲಕ್ಕೆ ಇನ್ನೂ ಎಷ್ಟು ದಿನ ಇದೆ ಎಂಬ ದೂರ. ತಿಂಗಳ 1ನೇ ತಾರೀಕು ಫಲ ಇಪ್ಪತ್ತು ದಿನ ದೂರ. ಕೆಳಗಿನ ಸಂಖ್ಯೆ ದೊಡ್ಡದು, ಉತ್ತರ ಸೊನ್ನೆಯ ಹತ್ತಿರ. 19ಕ್ಕೆ ದೂರ ಒಂದೇ ದಿನ, ಉತ್ತರ ದಿಢೀರ್ ಅಂತ ಮೇಲೇರುತ್ತದೆ. ನಾನು ಬದಲಾಗಿರಲಿಲ್ಲ, ಡಬ್ಬವೂ ಬದಲಾಗಿರಲಿಲ್ಲ. ಕ್ಯಾಲೆಂಡರ್ ಹತ್ತಿರ ಬಂದಿತ್ತು, ಅಷ್ಟೆ.

ಈ ‘ನಾಳೆ ಬಾ’ಗೆ ಮದ್ದು ಎಂದು ಬಹಳ ಜನ ತೋರಿಸುವುದು ಬೆಳಗಿನ ದಿನಚರಿಯನ್ನು. ಈಗ ಆ ವಿಷಯಕ್ಕೆ ಬರೋಣ.

ಬೆಳಗಿನ ದಿನಚರಿ ಅಂದ ಕೂಡಲೇ ಐದು ಗಂಟೆಗೆ ಏಳಿ, ತಣ್ಣೀರು ಸ್ನಾನ ಮಾಡಿ, ಧ್ಯಾನ, ವ್ಯಾಯಾಮ, ಡೈರಿ, ಹತ್ತು ಪುಟ ಓದು ಎಂದು ಪಟ್ಟಿ ಕೊಡುವವರು ಬಹಳ. ಬೆಳಿಗ್ಗೆ ಮನೋಬಲ ತುಂಬಿರುತ್ತದೆ, ದಿನ ಕಳೆದಂತೆ ಬ್ಯಾಟರಿ ಥರ ಖಾಲಿಯಾಗುತ್ತದೆ ಎಂದು ಕಾರಣವನ್ನೂ ಕೊಡುತ್ತಾರೆ. ಈ ಬ್ಯಾಟರಿ ಕತೆಯನ್ನು ತುಂಬಾ ನಂಬಬೇಡಿ. 2016ರಲ್ಲಿ 23 ಪ್ರಯೋಗಾಲಯಗಳು ಒಟ್ಟಾಗಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿದಾಗ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ.

ಬೆಳಗಿನ ನಿಜವಾದ ಅನುಕೂಲ ಬೇರೆ. ದಿನದ ಉಳಿದ ಹೊತ್ತು ಹೇಗೆ ಹೋಗುತ್ತದೋ ಹೇಳಲಾಗದು. ಆಫೀಸಿನಲ್ಲಿ ಯಾರೋ ಕರೆಯುತ್ತಾರೆ, ಕರೆಂಟು ಹೋಗುತ್ತದೆ, ಊರಿಂದ ನೆಂಟರು ಬರುತ್ತಾರೆ. ಎದ್ದ ಮೊದಲ ಗಂಟೆ ಮಾತ್ರ ಬಹುತೇಕ ಒಂದೇ ಥರ, ಒಂದರ ಹಿಂದೆ ಒಂದು. ಹಾಲು ಬರುತ್ತದೆ, ಒಲೆ ಹತ್ತುತ್ತದೆ, ಬಾತ್‌ರೂಮಿನ ಬಕೆಟ್ ತುಂಬುತ್ತದೆ. ಈಗಾಗಲೇ ಓಡುತ್ತಿರುವ ಬಂಡಿಗೆ ಇನ್ನೊಂದು ಡಬ್ಬಿ ಕಟ್ಟುವುದು ಸುಲಭ.

ನನ್ನ ಅಮ್ಮನನ್ನು ನೋಡಿ ನನಗಿದು ಹೊಳೆದದ್ದು. ಎಪ್ಪತ್ತು ದಾಟಿದ್ದಾರೆ. ಚಿಲಕ ತೆಗೆದ ಸದ್ದು, ಪೊರಕೆ ಸದ್ದು, ಅಂಗಳಕ್ಕೆ ನೀರು ಚಿಮುಕಿಸಿದ ಸದ್ದು, ಆಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ. ಅಂದರೆ ರಂಗೋಲಿ ನಡೆಯುತ್ತಿದೆ. ಮಳೆ ಬರುತ್ತಿದ್ದರೂ ಹೊಸ್ತಿಲ ಮೇಲೆ ಎರಡು ಎಳೆಯಾದರೂ ಎಳೆದೇ ಒಳಗೆ ಬರುವುದು. ‘ಇವತ್ತು ಹಾಕಲೋ ಬೇಡವೋ’ ಎಂದು ಅವರು ಯಾವತ್ತೂ ಯೋಚಿಸಿದ್ದನ್ನು ನಾನು ಕಂಡಿಲ್ಲ. ಮನಸ್ಸು ಮಾಡುವುದೇನಿಲ್ಲ. ಪೊರಕೆ ಕೆಳಗಿಟ್ಟ ಕೈ ತಂಬಿಗೆಗೆ ಹೋಗುತ್ತದೆ, ತಂಬಿಗೆ ಇಟ್ಟ ಕೈ ರಂಗೋಲಿ ಡಬ್ಬಿಗೆ.

ನನ್ನ ಬಿಸ್ಕತ್ತಿನ ಡಬ್ಬಕ್ಕೂ ರಂಗೋಲಿ ಡಬ್ಬಿಗೂ ಇರುವ ವ್ಯತ್ಯಾಸ ಅಷ್ಟೇ. ಒಂದನ್ನು ಪ್ರತಿ ಸಂಜೆ ‘ತೆಗೆಯಲೋ ಬೇಡವೋ’ ಎಂದು ಕೇಳಿಕೊಳ್ಳುತ್ತಿದ್ದೆ. ಕೇಳಿದಾಗೆಲ್ಲ ಉತ್ತರ ಬೇಡ ಅಂತಲೇ ಬರುತ್ತಿತ್ತು.

ಈ ಪ್ರಶ್ನೆಯನ್ನೇ ತೆಗೆದುಹಾಕುವ ಒಂದು ಉಪಾಯವನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಬಹಳ ವರ್ಷ ಅಭ್ಯಾಸ ಮಾಡಿದ್ದಾರೆ. ಅವರೂ ಸಹೋದ್ಯೋಗಿಯೂ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸೊಗಸಾಗಿದೆ. ಕ್ರಿಸ್‌ಮಸ್ ರಜೆಗೆ ಹೊರಟ ವಿದ್ಯಾರ್ಥಿಗಳಿಗೆ, ಹಬ್ಬದ ಹಿಂದಿನ ಸಂಜೆ ಹೇಗೆ ಕಳೆಯಿತು ಎಂದು ಎರಡು ದಿನದೊಳಗೆ ಬರೆದು ಕಳಿಸಿ ಅಂದರು. ಅರ್ಧ ಜನಕ್ಕೆ ಇಷ್ಟೇ. ಉಳಿದರ್ಧಕ್ಕೆ, ಯಾವಾಗ, ಎಲ್ಲಿ ಕುಳಿತು ಬರೆಯುತ್ತೀರಿ ಎನ್ನುವುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ ಅಂದರು. ಮೊದಲ ಗುಂಪಿನಲ್ಲಿ ಬರೆದು ಕಳಿಸಿದವರು ಮೂರರಲ್ಲಿ ಒಂದು ಪಾಲು. ಎರಡನೆಯದರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು. ಆಸೆ ಎರಡೂ ಕಡೆ ಇತ್ತು. ಒಂದು ಕಡೆ ಜಾಗ, ಹೊತ್ತು ಕೂಡ ಗೊತ್ತಾಗಿತ್ತು.

ನನ್ನ ಮನೆಯಲ್ಲಿ ಆ ಹೊತ್ತು ಸಿಕ್ಕಿದ್ದು ಕಾಫಿ ಫಿಲ್ಟರ್‌ನಲ್ಲಿ. ಮೇಲಿನ ಬಟ್ಟಲಿಗೆ ಪುಡಿ ಹಾಕಿ, ಒತ್ತಿ, ಕುದಿಯುವ ನೀರು ಸುರಿದು ಮುಚ್ಚಿದರೆ ಡಿಕಾಕ್ಷನ್ ಇಳಿಯಲು ಹದಿನೈದು ನಿಮಿಷ ಬೇಕು. ಆತುರಪಟ್ಟು ತಟ್ಟಿದರೂ ಅದು ತನ್ನ ಪಾಡಿಗೆ ತೊಟ್ಟಿಕ್ಕುವುದು. ಮೊದಲು ಆ ಹದಿನೈದು ನಿಮಿಷ ಮೊಬೈಲಿಗೆ ಹೋಗುತ್ತಿತ್ತು. ಫ್ಯಾಮಿಲಿ ಗ್ರೂಪಿನ ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ಗಳಿಂದ ಶುರುವಾಗಿ, ಯಾರದೋ ಮದುವೆ ವಿಡಿಯೋ ನೋಡಿ, ಕಾಫಿ ಕುಡಿದು, ಲೋಟ ಒಣಗಿದ ಮೇಲೂ ಅಲ್ಲೇ ಕುಳಿತಿರುತ್ತಿದ್ದೆ.

ಈಗಿನ ಕರಾರು ಹೀಗಿದೆ: ಫಿಲ್ಟರ್‌ಗೆ ನೀರು ಹಾಕಿದ ಮೇಲೆ, ಊಟದ ಮೇಜಿನ ಹತ್ತಿರ ಕುಳಿತು, ಮೂರು ಬಿಲ್. ಮೂರೇ. ಡಿಕಾಕ್ಷನ್ ಇಳಿದ ಮೇಲೆ ಎದ್ದುಬಿಡಬಹುದು.

ಮೂರು ಬಿಲ್ ಅಂದರೆ ನಗು ಬರುವಷ್ಟು ಸಣ್ಣದು. ಬೇಕೆಂದೇ ಸಣ್ಣದಾಗಿಟ್ಟದ್ದು. ಸ್ಟೀಲ್ ಅವರ ಭಾಗಾಕಾರಕ್ಕೆ ಇದನ್ನು ಹಾಕಿ ನೋಡಿ. ಮೂರು ಬಿಲ್ ನನ್ನಿಂದಾಗುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಫಲ ಇಪ್ಪತ್ತು ದಿನ ದೂರ ಇಲ್ಲ, ಹದಿನೈದು ನಿಮಿಷದಲ್ಲಿ ಬಿಸಿ ಕಾಫಿ. ಮೊಬೈಲ್ ಕೈಯಲ್ಲಿಲ್ಲದ್ದರಿಂದ ಚಂಚಲತೆಗೂ ದಾರಿ ಇಲ್ಲ. ದಿನಕ್ಕೆ ಮೂರಾದರೆ ತಿಂಗಳಿಗೆ ತೊಂಬತ್ತು. ಭಾವನ ಅಂಗಡಿಗೆ ಅಷ್ಟು ಸಾಕಾಗುತ್ತದೆ. ಎಷ್ಟೋ ದಿನ ಮೂರಕ್ಕೆ ನಿಲ್ಲುವುದೂ ಇಲ್ಲ, ಕೈ ಓಡಿದರೆ ಎಂಟೊಂಬತ್ತು ಆಗಿಬಿಡುತ್ತದೆ. ಅಸಲಿ ಕಷ್ಟ ಇದ್ದದ್ದು ಮುಚ್ಚಳ ತೆಗೆಯುವುದರಲ್ಲಿ.

ಇದು ಸುಲಭವಾಗಬೇಕಾದರೆ ಹಿಂದಿನ ರಾತ್ರಿ ಎರಡು ಕೆಲಸ ಆಗಿರಬೇಕು. ಡಬ್ಬವೂ ಲ್ಯಾಪ್‌ಟಾಪೂ ಮೇಜಿನ ಮೇಲೆ ಇರಬೇಕು, ಮೊದಲ ಬಿಲ್ ಮೇಲೇ ಕಾಣುವ ಹಾಗೆ. ಬೆಳಿಗ್ಗೆ ಎದ್ದು ಚಾರ್ಜರ್ ಹುಡುಕುವ ಹಾಗಿದ್ದರೆ ಆ ಹುಡುಕಾಟದಲ್ಲೇ ‘ನಾಳೆ ಬಾ’ ಹುಟ್ಟಿಕೊಳ್ಳುತ್ತದೆ. ಎರಡನೆಯದು, ಮೊಬೈಲ್ ಮಲಗುವ ಕೋಣೆಯಲ್ಲಿ ಇರಬಾರದು. ನಮ್ಮಲ್ಲಿ ಅದು ಹಾಲ್‌ನಲ್ಲಿ ಟಿವಿ ಪಕ್ಕ ಚಾರ್ಜಿಗೆ ಬೀಳುತ್ತದೆ. ಅಲಾರಂಗೆ ಇನ್ನೂರು ಚಿಲ್ಲರೆ ಕೊಟ್ಟು ಒಂದು ಟೈಂಪೀಸ್ ತಂದೆ. ಅದರ ಕಿರುಚಾಟ ಕೇಳಿದರೆ ಸತ್ತವರೂ ಎದ್ದು ಕೂರುತ್ತಾರೆ.

ಎದ್ದ ತಕ್ಷಣ ತಲೆ ಮಂಕಾಗಿದ್ದರೆ ಗಾಬರಿ ಬೇಡ. ಕಣ್ಣು ತೆರೆದರೂ ಮಿದುಳು ಪೂರ್ತಿ ಎಚ್ಚರಾಗಲು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆಯೇ ಹಿಡಿಯುತ್ತದೆ. ಆ ಹೊತ್ತಿನಲ್ಲಿ ದೊಡ್ಡ ನಿರ್ಧಾರ, ಕಷ್ಟದ ಯೋಚನೆ ಆಗದು. ಬಾಗಿಲು ತೆಗೆದು ಹೊರಗೆ ಬನ್ನಿ. ಮನೆಯೊಳಗಿನ ದೀಪಕ್ಕಿಂತ ಮೋಡ ಕವಿದ ಆಕಾಶದ ಬೆಳಕೂ ಎಷ್ಟೋ ಪಟ್ಟು ಜಾಸ್ತಿ. ಆ ಬೆಳಕು ಕಣ್ಣಿನ ಮೂಲಕ ಮಿದುಳಿನೊಳಗಿನ ಗಡಿಯಾರಕ್ಕೆ ‘ಬೆಳಗಾಯಿತು’ ಎಂದು ತಿಳಿಸುತ್ತದೆ. ಗಿಡಕ್ಕೆ ನೀರು ಹಾಕಿ, ಹಾಲಿನ ಬೂತಿಗೆ ನಡೆದು ಹೋಗಿ, ಯಾವುದಾದರೂ ಸರಿ. ಅಮ್ಮನಿಗೆ ಇದು ರಂಗೋಲಿಯ ಜೊತೆ ಪುಕ್ಕಟೆ ಸಿಗುತ್ತದೆ.

ಐದು ಗಂಟೆಗೇ ಏಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದು ಮರುಪ್ರಶ್ನೆ: ಎಷ್ಟು ಗಂಟೆಗೆ ಮಲಗುತ್ತೀರಿ? ಬ್ರಾಹ್ಮೀ ಮುಹೂರ್ತ ಅಂದರೆ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗುವ 48 ನಿಮಿಷ. ಬೆಂಗಳೂರಿನ ಲೆಕ್ಕದಲ್ಲಿ ಋತುಮಾನ ನೋಡಿಕೊಂಡು ಹೆಚ್ಚುಕಮ್ಮಿ ನಾಲ್ಕೂಕಾಲರಿಂದ ಐದೂಕಾಲರೊಳಗೆ ಶುರುವಾಗುತ್ತದೆ. ಆ ಹೊತ್ತಿಗೆ ಎದ್ದ ಹಿರಿಯರು ರಾತ್ರಿ ಎಂಟಕ್ಕೆ ಉಂಡು ದೀಪ ಆರಿಸುತ್ತಿದ್ದರು. ನಾವು ಅವರು ಏಳುವ ಹೊತ್ತನ್ನು ಮಾತ್ರ ತೆಗೆದುಕೊಂಡು, ಮಲಗುವ ಹೊತ್ತನ್ನು ಬಿಟ್ಟುಬಿಟ್ಟೆವು.

ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 2003ರ ಒಂದು ಅಧ್ಯಯನ ಇದೆ. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಚುರುಕು, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಮಜಾ ಏನೆಂದರೆ ತಾವು ಅಷ್ಟು ಮಂಕಾಗಿದ್ದೇವೆ ಎಂದು ಅವರಿಗೇ ಅನ್ನಿಸುತ್ತಿರಲಿಲ್ಲ. ಒಂದು ಗಂಟೆಗೆ ಮಲಗಿ ಐದಕ್ಕೆ ಎದ್ದು ‘ದಿನ ಎಷ್ಟು ಉದ್ದವಾಯ್ತು’ ಅನ್ನುವ ಗೆಳೆಯರು ಇದನ್ನು ಸ್ವಲ್ಪ ನೆನಪಿಡಲಿ. ಸಂಜೆ ಐದರ ಕಾಫಿಯ ಬಗ್ಗೆಯೂ. ಅದರ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಅಂದರೆ ರಾತ್ರಿ ಹತ್ತಕ್ಕೂ ಅರ್ಧ ಲೋಟ ನಿಮ್ಮೊಳಗೇ ಇರುತ್ತದೆ.

ಇನ್ನು ಕೆಲವರಿಗೆ ಬೆಳಗೇ ಆಗಿಬರುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಣ್ಣಿನ ನೊಣಗಳ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗ ಒಂದಿದೆ. ಕೋಶದಿಂದ ಬೆಳಗಿನ ಹೊತ್ತು ಹೊರಬರುವ ನೊಣಗಳನ್ನು ಒಂದು ಕಡೆ, ಸಂಜೆ ಹೊರಬರುವವನ್ನು ಇನ್ನೊಂದು ಕಡೆ ಇಟ್ಟು ತಲೆಮಾರುಗಟ್ಟಲೆ ಸಾಕಿದರು. ಬೆಳಗಿನ ವಂಶದ ಒಳಗಡಿಯಾರ ಬೇಗ ಸುತ್ತುವುದಾಯಿತು, ಸಂಜೆಯದ್ದು ನಿಧಾನದ್ದಾಯಿತು. ಬೆಳಗಿನ ಜೀವ, ರಾತ್ರಿಯ ಜೀವ ಎನ್ನುವುದು ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬರುವ ಗುಣ. ಎಂಟು ಗಂಟೆಗೆ ಏಳುವವರ ಬೆಳಗು ಎಂಟಕ್ಕೇ ಶುರುವಾಗಲಿ. ದಿನಾ ಅದೇ ಹೊತ್ತಿಗೆ ಎದ್ದರೆ ಸರಿ. ಭಾನುವಾರ ಹನ್ನೊಂದು, ಸೋಮವಾರ ಆರು ಅಂತಾದರೆ ಮಾತ್ರ ಕಷ್ಟ.

ಇಷ್ಟೆಲ್ಲ ಓದಿಕೊಂಡು ಒಂದು ದಿನ ಮನೆಯಲ್ಲಿ ಉತ್ಸಾಹದಿಂದ ಹೇಳುತ್ತಿದ್ದೆ. ಹೆಂಡತಿ ಒಲೆ ಮುಂದೆ ಚಪಾತಿ ತಿರುವಿಹಾಕುತ್ತಾ ಅಂದಳು: “ನಿಮ್ಮ ರೊಟೀನು ನಡೀಬೇಕಾದ್ರೆ ಮೊದ್ಲು ನನ್ನ ರೊಟೀನು ನಡೀತಿರ್ಬೇಕಲ್ಲಾ?”

ನಾನು ಬಾಯಿ ಮುಚ್ಚಿಕೊಂಡೆ. ಬೆಳಗಿನ ದಿನಚರಿಯ ಸಲಹೆಗಳಲ್ಲಿ ಬಹುಪಾಲು, ಬೇರೆ ಯಾರೋ ಹಾಲು ಕಾಯಿಸಿಕೊಡುವ ಮನೆಗಳಲ್ಲಿ ಕುಳಿತು ಬರೆದವು. ಅವಳಿಗೆ ಆರರಿಂದ ಎಂಟೂಕಾಲರ ತನಕ ತಿಂಡಿ, ಮೂರು ಡಬ್ಬಿ, ಮಗಳ ಜಡೆ. ಅವಳ ಮುಂದೂಡಿದ ಕೆಲಸವೂ ಒಂದಿತ್ತು, ಇಲಾಖಾ ಪರೀಕ್ಷೆ, ಅಕೌಂಟ್ಸ್ ಹೈಯರ್. ಪುಸ್ತಕ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಓದು ಎಂದು ಅವಳಿಗೆ ಹೇಳುವುದು ಅನ್ಯಾಯ. ಕೊನೆಗೆ ಗೊತ್ತಾದದ್ದು ಬೇರೆ ಹೊತ್ತು. ಸ್ಕೂಲ್ ವ್ಯಾನ್ ಎಂಟೂಕಾಲಿಗೆ ಬರುತ್ತದೆ. ವ್ಯಾನ್ ತಿರುವು ದಾಟಿದ ಮೇಲೆ, ಹೊರಗಿನ ಮೆಟ್ಟಿಲ ಮೇಲೇ ಕುಳಿತು, ಹತ್ತು ನಿಮಿಷ, ಎರಡು ಪ್ರಶ್ನೆ. ಡಬ್ಬಿ ಕಟ್ಟುವುದು ಈಗ ನನ್ನ ಪಾಲಿಗೆ. ಮೊದಲ ವಾರ ಸಾಂಬಾರು ಬ್ಯಾಗಿನಲ್ಲಿ ಚೆಲ್ಲಿ ಬೈಸಿಕೊಂಡಿದ್ದೂ ಆಯಿತು.

ಎಷ್ಟು ದಿನಕ್ಕೆ ಅಭ್ಯಾಸ ಅಂಟುತ್ತದೆ? 21 ದಿನ ಎಂದು ಎಲ್ಲರೂ ಹೇಳುತ್ತಾರೆ. ಅದರ ಬೇರು 1960ರಲ್ಲಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಹೊಸ ಮುಖ ಪಡೆದವರು ಕನ್ನಡಿಗೆ ಒಗ್ಗಿಕೊಳ್ಳಲು ಕನಿಷ್ಠ ಇಷ್ಟು ದಿನ ಬೇಕು ಎಂದು ಬರೆದಿದ್ದರು. ‘ಕನಿಷ್ಠ’ ಎನ್ನುವ ಪದ ಬಾಯಿಂದ ಬಾಯಿಗೆ ಹೋಗುತ್ತಾ ಉದುರಿಹೋಯಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು. 96 ಜನ ಒಂದೊಂದು ಸಣ್ಣ ಅಭ್ಯಾಸ ಆರಿಸಿಕೊಂಡು 12 ವಾರ ಮಾಡಿದರು. ಯೋಚಿಸದೆ ತಾನಾಗಿ ಆಗುವ ಹಂತಕ್ಕೆ ಬರಲು ನಡುಮಟ್ಟದಲ್ಲಿ 66 ದಿನ. ಆದರೆ ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ, 12 ವಾರ ಮೀರಿದ್ದನ್ನು ಅಂದಾಜು ಮಾಡಿದಾಗ, ಲೆಕ್ಕ 254ರ ತನಕ ಹೋಯಿತು. ನನಗೆ ಇದರಲ್ಲಿ ಇಷ್ಟವಾದದ್ದು ಇನ್ನೊಂದು ಸಂಗತಿ. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲಿಲ್ಲ.

ಆದರೆ ನಾವು ಹಾಗೆ ನಡೆದುಕೊಳ್ಳುವುದಿಲ್ಲ. ಒಂದು ದಿನ ತಪ್ಪಿದರೆ ‘ಎಲ್ಲಾ ಕೆಟ್ಟಿತು, ಇನ್ನು ಮುಂದಿನ ಸೋಮವಾರದಿಂದ’ ಅನ್ನುತ್ತೇವೆ. ಗೌರಿ ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಡಬ್ಬ ಮುಟ್ಟಲಿಲ್ಲ. ವಾಪಸ್ ಬಂದ ಮೇಲೆ ನನ್ನನ್ನು ನಾನೇ ಬೈದುಕೊಳ್ಳುವುದರಲ್ಲಿ ಇನ್ನೂ ಮೂರು ದಿನ ಹೋದವು. ಪಿಚಿಲ್ ಇದ್ದ ಅದೇ ಕಾರ್ಲ್‌ಟನ್‌ನಲ್ಲಿ 2010ರಲ್ಲಿ ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಆಗಿತ್ತು. ಮೊದಲ ಪರೀಕ್ಷೆಗೆ ಓದದೆ ಕಾಲ ತಳ್ಳಿದವರಲ್ಲಿ, ‘ಹೋಗ್ಲಿ ಬಿಡು’ ಎಂದು ತಮ್ಮನ್ನು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡರೆ ಆ ಕೆಲಸಕ್ಕೆ ಇನ್ನೊಂದು ಕಹಿ ಅಂಟುತ್ತದೆ. ಕಹಿಯಿಂದ ಓಡುವುದೇ ತಾನೇ ಮೊದಲಿನಿಂದ ಇದ್ದ ತೊಂದರೆ.

ದಿನಚರಿಯೇ ಹೊಸ ನೆಪವೂ ಆಗಬಹುದು, ಎಚ್ಚರ. ನಾನು ಒಮ್ಮೆ ಎಲ್ಲವನ್ನೂ ಗುರುತು ಹಾಕಿಕೊಳ್ಳಲು ಚಂದದ ಡೈರಿ ತಂದು, ಬಣ್ಣಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಎರಡು ಬೆಳಗು ಕಳೆದೆ. ಎರಡೂ ದಿನ ಒಂದು ಬಿಲ್ಲೂ ಎಂಟ್ರಿ ಆಗಲಿಲ್ಲ.

ಇದೆಲ್ಲ ಸಾಮಾನ್ಯ ಮುಂದೂಡುವಿಕೆಯ ಮಾತು. ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲೇ ಮನಸ್ಸಾಗದಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ, ಅಲ್ಲಿ ಕಾಫಿ ಫಿಲ್ಟರ್ ಉಪಯೋಗಕ್ಕೆ ಬರುವುದಿಲ್ಲ. ಡಾಕ್ಟರ ಹತ್ತಿರ ಮಾತಾಡಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಈ ತಿಂಗಳು 14ಕ್ಕೇ ಡಬ್ಬದ ತಳ ಕಂಡಿತು. ತಳದಲ್ಲಿ ಒಂದು ಚೀಟಿ ಇತ್ತು. ಎಷ್ಟೋ ಸಲ ಕೈಗೆ ಸಿಕ್ಕಿ, ಅದರ ತಲೆಬುಡ ತಿಳಿಯದೆ ವಾಪಸ್ ಒಳಗೆ ತಳ್ಳಿದ್ದ ಚೀಟಿ. ಜಿಎಸ್‌ಟಿ ನಂಬರ್ ಇಲ್ಲ, ಅಂಗಡಿ ಹೆಸರಿಲ್ಲ, 3,840 ಎಂದು ಪೆನ್ನಿನಲ್ಲಿ ಗೀಚಿದೆ. ನಿಜ ಹೇಳಬೇಕೆಂದರೆ ಡಬ್ಬ ತೆಗೆಯಲು ಇದ್ದ ಅಂಜಿಕೆಯಲ್ಲಿ ಇದರ ಪಾಲೂ ಇತ್ತು. ಡಿಕಾಕ್ಷನ್ ಇಳಿಯುತ್ತಿತ್ತು. ಫೋಟೋ ಕಳಿಸಿ ಭಾವನಿಗೆ ಫೋನ್ ಹಚ್ಚಿದೆ.

“ಭಾವ, ಇದ್ಯಾವ್ದು ಬಿಲ್?”

“ಎಲ್ಲಿ ನೋಡಣ... ಅದಾ? ಅದು ಬಿಲ್ ಅಲ್ಲ ಕಣೋ. ಹೋದ ಯುಗಾದೀಲಿ ನಿಮ್ಮಕ್ಕ ಬರ್ಕೊಟ್ಟ ದಿನಸಿ ಲೆಕ್ಕ. ಬಿಸಾಕು.”